ಎಡಗಡೆ ಗೂಡಿನ ಬಿಷಪ್

ಶುಕ್ರವಾರ ಬೆಳಿಗ್ಗೆ ಸೆಪ್ ಟೀಸ್‌ಡೇಲ್ ಅಡುಗೆಮನೆ ಮೇಜಿನ ಮೇಲೆ ಹಳೇ ಟವೆಲು ಹಾಸಿಕೊಂಡು ತನ್ನ ಸಾಕು ಫೆರೆಟ್ ಟ್ರೀಕಲ್‌ಳ ಉಗುರು ಕತ್ತರಿಸುತ್ತಿದ್ದ. ಮರುದಿನ ಊರ ಮೈದಾನದಲ್ಲಿ ಫೆರೆಟ್‌ಗಳ ಕೊಳವೆ ಓಟ. ಹೋದ ವರ್ಷ ಪಕ್ಕದೂರಿನವರ ಕಣ್ಣೆದುರೇ ಕಪ್ ಎತ್ತಿಕೊಂಡು ಬಂದವಳು ಇವಳೇ. ಮುಂಗುಸಿಯಂಥ ಉದ್ದ ಮೈ, ಕಾಕಂಬಿಯ ಬಣ್ಣ, ಕಣ್ಣಿಗೆ ಕಳ್ಳರ ಪಟ್ಟಿ ಕಟ್ಟಿಕೊಂಡಂಥ ಮುಖ. ಸೆಪ್‌ನ ದೊಡ್ಡ ಅಂಗೈಯಲ್ಲಿ ಅಂಗಾತ ಬಿದ್ದು ಆಕಳಿಸುತ್ತಿದ್ದಳು.

"ಸೆಪ್, ನಾಳೆ ಇವಳನ್ನ ಓಡಿಸ್ಬೇಡಿ," ಎಂದಳು ಸೊಸೆ ಕೊರಿನ್. ಐದು ತಿಂಗಳ ಟಿಲ್ಲಿ ಅವಳ ಸೊಂಟದ ಮೇಲಿತ್ತು.

"ಯಾಕಮ್ಮಾ?"

"ಇವಳು ಬಸುರಿ."

ಸೆಪ್ ಕತ್ತರಿ ಕೆಳಗಿಟ್ಟು ನಕ್ಕ. ಅವನು ನಕ್ಕರೆ ಮೊದಲು ಹೊಟ್ಟೆ ನಗುತ್ತಿತ್ತು, ಆಮೇಲೆ ಭುಜ, ಕಟ್ಟಕಡೆಗೆ ಬಾಯಿ. "ಬಸುರಿಯಲ್ಲ ಪುಟ್ಟಾ. ಬಸುರಿ ಅಂತ ಅಂದ್ಕೊಂಡಿದ್ದಾಳೆ, ಅಷ್ಟೆ. ಬಂದು ಹೋದೋನು ನಮ್ಮ ಬಿಷಪ್ಪು."

ಕೊರಿನ್‌ಗೆ ನಗು ಬರಲಿಲ್ಲ. ಹೊಟ್ಟೆಯಲ್ಲಿ ಮರಿ ಇರುವವಳನ್ನು ಕತ್ತಲ ಕೊಳವೆಗೆ ನುಗ್ಗಿಸಿ ಓಡಿಸಿದರೆ ಮರಿಗಳು ಉಳಿಯುತ್ತವೆಯೇ? ತಾಯಿಯಾದರೂ ಉಳಿಯುತ್ತಾಳೆಯೇ? ಇದನ್ನೇ ಯೋಚಿಸುತ್ತ ಅವಳಿಗೆ ಎರಡು ದಿನದಿಂದ ಗಂಟಲಲ್ಲಿ ಟೋಸ್ಟು ಇಳಿದಿರಲಿಲ್ಲ. ಆದರೆ ಅವಳ ಭಯಕ್ಕೆ ಆ ಮನೆಯಲ್ಲಿ ಬೆಲೆ ಕಡಿಮೆಯಾಗಿಬಿಟ್ಟಿತ್ತು. ತಪ್ಪು ಅವಳದೇ. ಎಲ್ಲದಕ್ಕೂ ಹೆದರುವವಳು ಹೆದರಿದರೆ ಯಾರು ತಿರುಗಿ ನೋಡುತ್ತಾರೆ?

ಅವಳು ನ್ಯೂಕಾಸಲ್‌ನಲ್ಲಿ ಹುಟ್ಟಿ ಅಲ್ಲೇ ಓದಿದವಳು. ಗಂಡ ಡೀನ್ ಸಮುದ್ರದೊಳಗಿನ ಗಾಳಿಯಂತ್ರಗಳ ಮೇಲೆ ಹತ್ತಿ ಕೆಲಸ ಮಾಡುವವನು. ಎರಡು ವಾರ ನೀರಿನ ಮೇಲೆ, ಎರಡು ವಾರ ಮನೆಯಲ್ಲಿ. ಕೈಗೂಸಿಟ್ಟುಕೊಂಡು ಒಬ್ಬಳೇ ಹೇಗಿರುವುದೆಂದು ಡರ್ಹಮ್ ಕರಾವಳಿಯ ಈ ಹಳೇ ಗಣಿಯೂರಿಗೆ, ಮಾವನ ಮನೆಗೆ, ಬಂದಿದ್ದಳು. ಬಂದ ದಿನ ಬಾಗಿಲು ತೆಗೆದಾಗ ಮಾವನ ಕೋಟಿನ ತೋಳಿನಿಂದ ಒಂದು ಮೂತಿ ಹೊರಗೆ ಬಂದು ಅವಳನ್ನು ಮೂಸಿತ್ತು. ಅವಳು ಮಗುವನ್ನು ಅವಚಿಕೊಂಡು ಮತ್ತೆ ಕಾರಿನೊಳಗೆ ಹೋಗಿ ಕೂತಿದ್ದಳು.

ಕಾರಿನ ಗಾಜು ಇಳಿಸಲು ಹೇಳಿ ಸೆಪ್ ಕೇಳಿದ್ದ: "ನಿಂಗೆ ಏನೇನು ಮಾಡಿದ್ರೆ ಧೈರ್ಯ ಬರುತ್ತೋ ಹೇಳು, ಅದಷ್ಟನ್ನೂ ಮಾಡೋಣ."

ಅವಳು ಹೇಳಿದಳು. ಪಟ್ಟಿ ಉದ್ದವೇ ಇತ್ತು. ಟ್ರೀಕಲ್‌ಗೆ ಅಡುಗೆಮನೆಯಲ್ಲಿ ಎತ್ತರದ ಪಂಜರ, ಅದಕ್ಕೆ ಎರಡು ಚಿಲಕ. ಹಜಾರಕ್ಕೂ ಅಡುಗೆಮನೆಗೂ ನಡುವೆ ಸೆಪ್‌ನ ಸೊಂಟದೆತ್ತರದ ತಡೆಬಾಗಿಲು. ಕೊರಳಿಗೆ ಗೆಜ್ಜೆ, ಎಲ್ಲಿದ್ದಾಳೆಂದು ಕೇಳುತ್ತಲೇ ಇರಬೇಕು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹೊರಗೆ ಬಿಡುವುದು, ಆಗೆಲ್ಲ ದೊಡ್ಡವರೊಬ್ಬರು ನೆಲದ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತಿರುವುದು. ಮಗು ಕೆಳಗಿದ್ದಾಗ ಫೆರೆಟ್ ಮೇಲೆ, ಫೆರೆಟ್ ಕೆಳಗಿದ್ದಾಗ ಮಗು ಮೇಲೆ. ಒರಗುವ ಕುರ್ಚಿಯ ಸನ್ನೆಗೋಲಿಗೆ ಹಗ್ಗ ಕಟ್ಟಬೇಕು, ಅದರ ಹೊಟ್ಟೆಯೊಳಗೆ ಹೋಗಿ ಮಲಗಿದ ಫೆರೆಟ್ ಕುರ್ಚಿ ಎಳೆದಾಗ ನಜ್ಜುಗುಜ್ಜಾದ ಕತೆಯನ್ನು ಅವಳು ಎಲ್ಲೋ ಓದಿದ್ದಳು.

ಸೆಪ್ ಒಂದಕ್ಕೂ ಗೊಣಗಲಿಲ್ಲ. ಬಟ್ಟೆ ಒಗೆಯುವ ಯಂತ್ರದ ಹಿಂದೆ, ಸಿಂಕಿನ ಕೆಳಗೆ, ಬಿಸಿನೀರ ಕೊಳವೆ ಗೋಡೆ ಹೊಕ್ಕುವ ಕಡೆ, ಎಲ್ಲೆಲ್ಲಿ ಸಂದಿಯಿತ್ತೋ ಅಲ್ಲೆಲ್ಲ ಟಾರ್ಚು ಹಿಡಿದು ಬೋರಲು ಮಲಗಿ ಹಲಗೆ ಹೊಡೆದ. "ತಲೆ ತೂರಿದ ಕಡೆ ಬಾಲದ ತನಕ ತೂರ್ತಾಳೆ ಇವಳು," ಎಂದು ಹೆಮ್ಮೆಯಿಂದಲೇ ಹೇಳಿದ. ಆ ದಪ್ಪ ಮನುಷ್ಯ ಸಿಂಕಿನ ಕೆಳಗೆ ಸಿಕ್ಕಿಹಾಕಿಕೊಂಡಾಗ ಕಾಲು ಹಿಡಿದು ಎಳೆಯಲು ಪಕ್ಕದ ಮನೆಯ ಮಾವಿಸ್ ಪ್ರೌಡ್‌ಲಾಕ್ ಬರಬೇಕಾಯಿತು. "ನೀನು ತೂರಿದ್ದೇ ತೂರಿದ್ದು, ಇನ್ನು ಆನೆ ತಂದು ಸಾಕು," ಎಂದು ಮಾವಿಸ್ ಬೈದಿದ್ದಳು.

ಇಂಥ ಮನುಷ್ಯನ ಮೇಲೆ ಕೊರಿನ್‌ಗೆ ಎಷ್ಟು ದಿನ ಅನುಮಾನ ಉಳಿದೀತು? ಏಳು ಮಕ್ಕಳಲ್ಲಿ ಏಳನೆಯವನು ಸೆಪ್. ಅಪ್ಪ, ಅಣ್ಣಂದಿರು ಎಲ್ಲ ಗಣಿಗೆ ಇಳಿದವರು. ಇವನ ಸರದಿ ಬರುವಷ್ಟರಲ್ಲಿ ಗಣಿಯ ಆಯಸ್ಸು ಮುಗಿಯುತ್ತ ಬಂದಿತ್ತು, ಬಸ್ಸು ಓಡಿಸಲು ಸೇರಿದ. ಮೂವತ್ತು ಚಿಲ್ಲರೆ ವರ್ಷ ಕರಾವಳಿಯ ರಸ್ತೆಯಲ್ಲಿ ಅದೇ ಬಸ್ಸು, ಅದೇ ತಿರುವು. ಶಾಲೆಗೆ ಹೋಗುವಾಗಲೇ ಅಂಗಿಯೊಳಗೆ ಫೆರೆಟ್ ಇಟ್ಟುಕೊಂಡು ಹೋಗಿ, ಪ್ರಾರ್ಥನೆಯ ಹೊತ್ತಿಗೆ ಅದು ಕಾಲರಿನಿಂದ ತಲೆ ಎತ್ತಿ, ಬೆತ್ತದ ರುಚಿ ಕಂಡವನು. ಅವನ ಹೆಂಡತಿ ಊನಾ ಬದುಕಿರುವ ತನಕ ಫೆರೆಟ್‌ಗಳೆಲ್ಲ ಹಿತ್ತಲ ಗೂಡುಗಳಲ್ಲೇ ಇದ್ದವು. ಅವಳು ತೀರಿಕೊಂಡ ಚಳಿಗಾಲದಲ್ಲಿ ಟ್ರೀಕಲ್‌ಳನ್ನು ಮನೆಯೊಳಗೆ ತಂದ. "ಹೊರಗೆ ಒಂಟಿಯಾಗಿ ಇರೋಕೆ ಅವಳಿಗೆ ಬೇಜಾರು," ಎಂದು ಕೇಳಿದವರಿಗೆಲ್ಲ ಹೇಳಿದ. ಬೇಜಾರು ಯಾರಿಗೆಂದು ಗಲ್ಲಿಯವರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಈಗ ಹಿತ್ತಲಲ್ಲಿ ಉಳಿದವರು ಗಂಡುಗಳಿಬ್ಬರೇ. ಒಂದೇ ಸೂಲಿನ ಅಣ್ಣತಮ್ಮಂದಿರು, ಬಿಷಪ್ ಮತ್ತು ಡ್ಯೂಕ್. ಒಂದೇ ಬಣ್ಣ, ಒಂದೇ ಮುಖ, ಒಂದೇ ನಾತ. ಡ್ಯೂಕ್ ಮರಿ ಬೇಕಾದವರಿಗೆ. ಬಿಷಪ್ ಮರಿ ಬೇಡದವರಿಗೆ. ಹೆಣ್ಣು ಫೆರೆಟ್ ಬೆದೆಗೆ ಬಂದು ಗಂಡು ಕಾಣದೆ ಹೋದರೆ ವಸಂತ ಮುಗಿಯುವಷ್ಟರಲ್ಲಿ ಮೈಯ ರಕ್ತ ಒಣಗಿ ಸತ್ತೇಹೋಗುತ್ತದೆ. ಹಾಗಂತ ಪ್ರತಿ ವರ್ಷ ಹತ್ತು ಹನ್ನೆರಡು ಮರಿ ಸಾಕುವವರು ಯಾರು? ಅದಕ್ಕೇ ಸೆಪ್ ಬಿಷಪ್‌ಗೆ ಪಶುವೈದ್ಯರಿಂದ ಬೀಜದ ನರ ಕತ್ತರಿಸುವ ಶಸ್ತ್ರಕ್ರಿಯೆ ಮಾಡಿಸಿದ್ದ. ಅವನು ಹೋಗುತ್ತಾನೆ, ಗಂಡಿನ ಕೆಲಸವೆಲ್ಲ ಮಾಡುತ್ತಾನೆ, ಬರುತ್ತಾನೆ, ಮರಿ ಮಾತ್ರ ಆಗುವುದಿಲ್ಲ. ಹೆಣ್ಣಿನ ಬೆದೆ ಇಳಿಯುತ್ತದೆ, ಜೀವ ಉಳಿಯುತ್ತದೆ. ಏಪ್ರಿಲ್ ಬಂತೆಂದರೆ ಗಲ್ಲಿಯ ಮನೆಮನೆಗೂ ಸೆಪ್ ಅವನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. "ಬಿಷಪ್ ಆಶೀರ್ವಾದಕ್ಕೆ ಹೊರಟ್ರು, ದಾರಿ ಬಿಡ್ರಪ್ಪಾ," ಎಂದು ಜನ ಬಾಗಿಲಲ್ಲಿ ನಿಂತು ಟೋಪಿ ತೆಗೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಮನೆಯಲ್ಲೂ ಮರಿ ಕಂಡಿರಲಿಲ್ಲ. ಊರಲ್ಲಿ ಸೆಪ್‌ನ ಮರ್ಯಾದೆ ಅಂತ ಒಂದಿದ್ದರೆ ಅದು ಆ ಬುಟ್ಟಿಯಲ್ಲಿತ್ತು.

ಆದರೂ ಒಂದು ಮಾತು. ಬಿಷಪ್ ಬಂದು ಹೋದ ಮೇಲೆ ಹೆಣ್ಣಿಗೆ ತಾನು ಬಸುರಿ ಎಂಬ ಭ್ರಮೆ ಬರುತ್ತದೆ. ಹೊಟ್ಟೆ ಉಬ್ಬುತ್ತದೆ, ಮೊಲೆ ತುಂಬುತ್ತದೆ, ಸಿಕ್ಕಿದ್ದನ್ನೆಲ್ಲ ಎಳೆದು ಗೂಡು ಕಟ್ಟುತ್ತಾಳೆ. ಆರು ವಾರಕ್ಕೆ ಭ್ರಮೆ ತಾನಾಗಿ ಇಳಿಯುತ್ತದೆ. ಟ್ರೀಕಲ್ ಹೊರಗೆ ಬಿಟ್ಟಾಗಲೆಲ್ಲ ಟಿಲ್ಲಿಯ ಕಾಲುಚೀಲ, ಟಿಲ್ಲಿಯ ಬನಿಯನ್ನು, ಕೊನೆಗೆ ಕೊರಿನ್‌ಳ ಉಣ್ಣೆಯ ಟೋಪಿಯನ್ನೂ ಕಚ್ಚಿಕೊಂಡು ಗೆಜ್ಜೆ ಝಲ್ಲೆನಿಸುತ್ತ ಪಂಜರಕ್ಕೆ ಓಡುವಾಗ ಸೆಪ್ ಕೈಕಟ್ಟಿ ನಿಂತು, "ಪಾಪ, ನಮ್ಮ ಹುಡುಗಿ ತೊಟ್ಟಿಲು ಸಿಂಗಾರ ಮಾಡ್ತಿದ್ದಾಳೆ," ಎಂದು ಮರುಗುತ್ತಿದ್ದ.

ಕೊರಿನ್ ಅದನ್ನು ನಂಬಿದ್ದಳು. ಬುಧವಾರ ಸಂಜೆ ಕಾವಲಿಗೆ ಕೂತಾಗ ಟ್ರೀಕಲ್ ಮೊದಲ ಸಲ ತಾನಾಗಿ ಅವಳ ಮಡಿಲು ಹತ್ತಿ ಮಲಗುವ ತನಕ. ಉಸಿರು ಬಿಗಿಹಿಡಿದು ಕೊರಿನ್ ಆ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಳು. ಒಳಗೆ ಏನೋ ಮಗ್ಗುಲು ಬದಲಿಸಿತು. ಪಕ್ಕದಲ್ಲಿ ಇನ್ನೊಂದು. ಒಳಗಿನಿಂದ ಬೆರಳು ತಟ್ಟಿದ ಹಾಗೆ, ಮೀನು ಬಾಲ ಬಡಿದ ಹಾಗೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋದ ವರ್ಷದ ಶರತ್ಕಾಲವಿಡೀ ಅವಳು ಕೈ ಇಟ್ಟುಕೊಂಡು ಕೂತದ್ದು ಅದಕ್ಕೇ ಅಲ್ಲವೇ?

ಈಗ ಅದನ್ನೇ ಮಾವನಿಗೆ ಹೇಳಿದಳು.

"ಕರುಳು ಗುಡುಗುಟ್ಟುತ್ತೆ ಪುಟ್ಟಾ. ಮೊಟ್ಟೆ ತಿಂದಿದ್ಲು."

"ನಂಗೆ ಕರುಳಿಗೂ ಮಗುವಿಗೂ ವ್ಯತ್ಯಾಸ ಗೊತ್ತಾಗಲ್ವಾ ಸೆಪ್?"

"ನಾಳೆ ಒಂದು ಸಲ ಕೊಳವೆಯಲ್ಲಿ ಓಡಿದ್ರೆ ಭ್ರಮೆಯೆಲ್ಲ ಇಳಿದುಹೋಗುತ್ತೆ."

"ಇಳಿಯೋದು ಭ್ರಮೆ ಅಲ್ಲ, ಮರಿ!" ಕೊರಿನ್‌ಳ ದನಿ ಏರಿತು. ಟಿಲ್ಲಿ ತುಟಿ ನಡುಗಿಸಿತು.

ಹಿತ್ತಲ ಬಾಗಿಲಿನಿಂದ ಮಾವಿಸ್ ಖಾಲಿ ಹಾಲಿನ ಜಗ್ಗು ಹಿಡಿದು ಒಳಗೆ ಬಂದಳು. ಬಾಗಿಲು ತಟ್ಟುವ ಅಭ್ಯಾಸ ಆ ಗಲ್ಲಿಯಲ್ಲಿ ಯಾರಿಗೂ ಇರಲಿಲ್ಲ. "ಏನ್ರೋ ಇದು, ಮೂರನೇ ಮನೆಗೆ ಕೇಳ್ತಿದೆ. ಯಾರು ಬಸುರಿ? ನೀನೇನೇ ಮತ್ತೆ?"

"ಟ್ರೀಕಲ್!" ಎಂದಳು ಕೊರಿನ್.

"ನನ್ನ ಫೆರೆಟ್ ಡೈಸಿಗೂ ಹೊಟ್ಟೆ ಉಬ್ಬಿದೆ. ಪ್ರತಿ ವರ್ಷ ಉಬ್ಬುತ್ತೆ, ಇಳಿಯುತ್ತೆ. ನೀನು ಮೊನ್ನೆ ಮಗು ಸೀನಿತು ಅಂತ ಆಸ್ಪತ್ರೆಗೆ ಫೋನ್ ಮಾಡಿದ್ದೆ ಅಲ್ವಾ, ಅದೇ ಥರ ಇದೂ."

ಕೊರಿನ್‌ಳ ಕಿವಿ ಕೆಂಪಾಯಿತು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಸೆಪ್‌ಗೆ ತಡೆಯಲಾಗಲಿಲ್ಲ. "ಸುಮ್ನಿರು ಮಾವಿಸ್. ಬಾ ಪುಟ್ಟಾ, ನಿನ್ನ ಮನಸ್ಸು ಯಾಕೆ ಕೊರೀಬೇಕು. ಬಿಷಪ್‌ಗೆ ಹೊಲಿಗೆ ಹಾಕಿದ ಗುರುತು ತೊಡೆಸಂದಿಯಲ್ಲಿ ಇವತ್ತಿಗೂ ಇದೆ. ಕಣ್ಣಾರೆ ತೋರಿಸಿಬಿಡ್ತೀನಿ."

ಟ್ರೀಕಲ್‌ಳನ್ನು ಪಂಜರಕ್ಕೆ ಬಿಟ್ಟು, ಎರಡು ಚಿಲಕವನ್ನೂ ಹಾಕಿ, ಮೂವರೂ ಹಿತ್ತಲಿಗೆ ಹೋದರು. ಗೋಡೆಗೆ ಒತ್ತಿದಂತೆ ಎರಡು ಗೂಡು. ಸೆಪ್ ನೋಡದೆಯೇ ಎಡಗಡೆಯ ಗೂಡಿಗೆ ಕೈ ಹಾಕಿ ನಿದ್ದೆಗಣ್ಣಿನ ಗಂಡನ್ನು ಎತ್ತಿಕೊಂಡ. ಅಂಗಾತ ಹಿಡಿದು ಹೆಬ್ಬೆರಳಿನಿಂದ ರೋಮ ಸರಿಸಿದ. "ಇಗೋ ಇಲ್ಲಿ, ಅಕ್ಕಿಕಾಳಿನಷ್ಟು ಬಿಳೀದು..."

ಬಿಳಿಯದು ಇರಲಿಲ್ಲ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಆ ಕಡೆ ರೋಮ ಸರಿಸಿದ, ಈ ಕಡೆ ಸರಿಸಿದ. ಗಂಡಿಗೆ ಕಚಗುಳಿಯಾಗಿ ಕಾಲು ಝಾಡಿಸಿತು.

"ವಯಸ್ಸಾದ ಹಾಗೆ ಮಾಸಿರುತ್ತೆ," ಎಂದ ಸೆಪ್. ದನಿಯಲ್ಲಿ ಸತ್ವವಿರಲಿಲ್ಲ.

"ಆ ಇನ್ನೊಬ್ಬನನ್ನೂ ನೋಡಿ," ಎಂದಳು ಕೊರಿನ್ ಮೆಲ್ಲಗೆ.

ಬಲಗಡೆಯ ಗೂಡಿನಿಂದ ಡ್ಯೂಕ್ ಹೊರಗೆ ಬಂದ. ರೋಮ ಸರಿಸುವುದೇ ತಡ, ಅಕ್ಕಿಕಾಳಿನಷ್ಟು ಬಿಳಿ ಗುರುತು, ಅಚ್ಚೊತ್ತಿದ ಹಾಗೆ.

ಸೆಪ್ ಅದನ್ನೇ ನೋಡುತ್ತ ನಿಂತ. ಆಮೇಲೆ ಗೂಡುಗಳನ್ನು ನೋಡಿದ. ಆಮೇಲೆ ತಿರುಗಿ ಎದುರಿನ ಗೋಡೆಯನ್ನು ನೋಡಿದ. ಫೆಬ್ರವರಿಯ ತನಕ ಗೂಡುಗಳಿದ್ದದ್ದು ಆ ಗೋಡೆಗೆ. ಮಗುವಿನ ಕಿಟಕಿಗೆ ನಾತ ಬರುತ್ತದೆಂದು ಕೊರಿನ್ ಮುಖ ಸಣ್ಣ ಮಾಡಿದ್ದಕ್ಕೆ ಒಂದೊಂದಾಗಿ ಎತ್ತಿ ಈ ಗೋಡೆಗೆ ತಂದಿದ್ದ. ಬಾಗಿಲ ಪಕ್ಕದ ಬಿಷಪ್‌ನ ಗೂಡನ್ನು ಬಾಗಿಲ ಪಕ್ಕಕ್ಕೇ ಇಟ್ಟಿದ್ದ. ಆ ಗೋಡೆಗೆ ಮುಖ ಮಾಡಿ ನಿಂತರೆ ಅದು ಎಡ. ಈ ಗೋಡೆಗೆ ಮುಖ ಮಾಡಿ ನಿಂತರೆ ಅದೇ ಬಲ. ಎಡಗಡೆಯವನು ಬಿಷಪ್ ಎಂದು ಕೈಗೆ ಕಲಿಸಿಬಿಟ್ಟಿದ್ದ, ಕೈ ಎಡಕ್ಕೇ ಹೋಗುತ್ತಿತ್ತು.

ಮಾವಿಸ್‌ಗೆ ಅರ್ಥವಾಗಲು ಇನ್ನೂ ಒಂದು ಗಳಿಗೆ ಬೇಕಾಯಿತು. "ಅಂದ್ರೆ... ಈ ಏಪ್ರಿಲ್ಲು ಬುಟ್ಟಿಯಲ್ಲಿ ಬಂದದ್ದು ಡ್ಯೂಕೇನೋ?" ಜಗ್ಗನ್ನು ನೆಲಕ್ಕೆ ಕುಕ್ಕಿದಳು. "ಅಯ್ಯೋ ನಿನ್ನ ಮನೆ ಹಾಳಾಗ! ಮೂವತ್ತು ವರ್ಷ ಎಡಗಡೆ ಬಸ್ಸು ಓಡಿಸಿದೋನಿಗೆ ಎಡ ಯಾವುದು ಬಲ ಯಾವುದು ತಿಳೀಲಿಲ್ವಲ್ಲೋ!"

"ಹಿಲ್ಟನ್ ತಾತನ ಮನೆಗೂ ಹೋಗಿದ್ದ," ಎಂದ ಸೆಪ್ ಯಾರಿಗೋ ಎಂಬಂತೆ. "ಮೂಲೆಮನೆಗೂ. ಚರ್ಚಿನ ಹಿಂದಿನ ಮನೆಗೂ." ಬೋಸಿಯಂಥ ಆ ಮುಖ ಬಿಳಿಚಿತ್ತು. ಬಿಷಪ್ಪನೋ ಡ್ಯೂಕೋ, ಕೈಯಲ್ಲಿದ್ದವನು ಅವನ ಹೆಬ್ಬೆರಳು ನೆಕ್ಕುತ್ತಿದ್ದ.

"ಆ ಮನೆಗಳ ಹೆಣ್ಣು ಫೆರೆಟ್‌ಗಳೆಲ್ಲ ನಾಳೆ ಓಟಕ್ಕೆ ಹೊರಟಿವೆ, ಅಲ್ವಾ?" ಎಂದಳು ಕೊರಿನ್. ತಾನು ಹೇಳಿದ್ದೇ ಸರಿಯಾಯಿತೆಂಬ ಸಂತೋಷಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಆಗಲೇ ಟಿಲ್ಲಿಯನ್ನು ತಳ್ಳುಗಾಡಿಯಲ್ಲಿ ಕೂರಿಸುತ್ತಿದ್ದಳು. "ನಡೀರಿ. ಈಗಲೇ ಹೋಗಿ ಹೇಳ್ಬೇಕು."

"ಏನಂತ ಹೇಳ್ಲಿ ಪುಟ್ಟಾ? ಮುಖ ಎಲ್ಲಿಡ್ಲಿ?"

"ಮುಖ ನಾನಿಟ್ಕೊಂಡಿರ್ತೀನಿ. ನೀವು ಬಾಯಿ ಬಿಡಿ ಸಾಕು."

ಗಲ್ಲಿ ಕಂಡ ಮೆರವಣಿಗೆಗಳಲ್ಲಿ ಅದೂ ಒಂದು. ಮುಂದೆ ತಳ್ಳುಗಾಡಿ, ಅದರ ಹಿಂದೆ ಟೋಪಿ ಕೈಯಲ್ಲಿ ಹಿಡಿದ ಸೆಪ್, ಅವನ ಹಿಂದೆ ಏನನ್ನೂ ತಪ್ಪಿಸಿಕೊಳ್ಳಲು ಇಷ್ಟವಿಲ್ಲದ ಮಾವಿಸ್. ಹಿಲ್ಟನ್ ತಾತ, ಗಣಿಯಲ್ಲಿ ದುಡಿದು ಕೆಮ್ಮು ಮಾತ್ರ ಸಂಪಾದಿಸಿಕೊಂಡ ಮುದುಕ, ಎಲ್ಲ ಕೇಳಿಸಿಕೊಂಡ. ಸೆಪ್ ಶಿಕ್ಷೆಗೆ ಕಾಯುವವನಂತೆ ನಿಂತಿದ್ದ.

"ಅದಕ್ಕೇನೋ ನನ್ನ ಹುಡುಗಿ ನನ್ನ ಉಲ್ಲನ್ ಚಡ್ಡಿ ಎಳ್ಕೊಂಡು ಹೋಗಿ ಹಾಸಿಕೊಂಡಿರೋದು!" ಎಂದ ತಾತ. ಕೆಮ್ಮು ನಗುವಾಗಿ, ನಗು ಕೆಮ್ಮಾಗಿ, ಕೊನೆಗೆ ಮಾವಿಸ್ ಬೆನ್ನು ತಟ್ಟಬೇಕಾಯಿತು. "ಭಲೇ ಸೆಪ್ಪೂ! ಇಡೀ ಗಲ್ಲಿಗೇ ಬೀಗನಾಗಿಬಿಟ್ಟೆಯಲ್ಲೋ! ಬೀಗರೂಟ ಯಾವಾಗ ಹಾಕಿಸ್ತೀಯ?"

ಆ ಮಾತು ಅವರಿಗಿಂತ ಮುಂದೆ ಓಡಿತು. ಮೂಲೆಮನೆಗೆ ಹೋಗುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದರು, "ಬನ್ನಿ ಬೀಗರೇ, ಕಾಲು ತೊಳ್ಕೊಳಿ," ಎಂದರು. ಚರ್ಚಿನ ಹಿಂದಿನ ಮನೆಯಾಕೆ ಮಾತ್ರ ಸ್ವಲ್ಪ ಗದರಿದಳು, ಗದರಿ ಮುಗಿದ ಮೇಲೆ ಮರಿ ಬೇಕೆಂದು ತಂಗಿ ಮೊದಲಿಂದಲೂ ಪೀಡಿಸುತ್ತಿದ್ದಾಳೆ ಎಂದು ತಾನೇ ಹೇಳಿದಳು. ವಾಪಸು ಬರುವಾಗ ಸೆಪ್ ಟೋಪಿಯನ್ನು ತಲೆಗೆ ಹಾಕಿಕೊಂಡಿದ್ದ. ಅದನ್ನು ಕೊರಿನ್ ಗಮನಿಸಿದಳು.

ಮನೆಗೆ ಬಂದವನೇ ಸೆಪ್ ಹೆರಿಗೆಯ ಪೆಟ್ಟಿಗೆ ಮಾಡಿ, ಒಣಹುಲ್ಲು ತುಂಬಿ ಪಂಜರದಲ್ಲಿಟ್ಟ. ಟ್ರೀಕಲ್ ತಾನು ಕದ್ದ ಕಾಲುಚೀಲಗಳನ್ನೆಲ್ಲ ಅದಕ್ಕೆ ಸಾಗಿಸಿದಳು. "ಇನ್ನು ಯಾರೂ ಒಳಗೆ ಹೋಗಬಾರದು," ಎಂದ ಸೆಪ್. "ಚೊಚ್ಚಲು. ಗದ್ದಲಕ್ಕೆ ಬೆದರಿದ್ರೆ ಮರಿಗಳನ್ನ ತಾನೇ ತಿಂದುಬಿಡ್ತಾಳೆ."

ಅಷ್ಟು ಕೇಳಿದ್ದೇ ಕೊರಿನ್ ಸೊಂಟ ಕಟ್ಟಿದಳು. ಅವಳ ಹೆದರಿಕೆಗೆ ಕೊನೆಗೂ ಒಂದು ಸರಿಯಾದ ಕೆಲಸ ಸಿಕ್ಕಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿ, ಪರದೆ ಎಳೆದು, ಕೆಟಲ್ಲು, ಚಹಾ, ಬ್ರೆಡ್ಡು ಎಲ್ಲವನ್ನೂ ಮಹಡಿ ಮೆಟ್ಟಿಲ ತುದಿಯ ಜಾಗಕ್ಕೆ ಹೊತ್ತಳು. ನೀರು ಬೇಕಾದರೆ ಸ್ನಾನದ ಮನೆಯ ನಲ್ಲಿ. ಬಾಗಿಲ ಗಂಟೆಯ ತಂತಿ ಬಿಚ್ಚಿಸಿದಳು. ಸಮುದ್ರದಿಂದ ಫೋನ್ ಮಾಡಿದ ಡೀನ್‌ಗೆ ಪಿಸುದನಿಯಲ್ಲಿ, "ಆಮೇಲೆ ಮಾತಾಡು, ಹೆರಿಗೆಮನೆ ಇದು," ಎಂದು ಇಟ್ಟುಬಿಟ್ಟಳು.

ಶನಿವಾರ ಬೆಳಿಗ್ಗೆ ಸೆಪ್‌ಗೆ ಮೈದಾನಕ್ಕೆ ಹೋಗಲು ಮನಸ್ಸಿಲ್ಲ. "ನೀವಿಲ್ಲಿ ಕೂತ್ರೆ ನೆಲ ಕಿರುಗುಟ್ಟುತ್ತೆ, ಹೋಗಿ," ಎಂದು ಕೊರಿನ್ ಅವನನ್ನು ಹೊರಡಿಸಿದಳು. ಊರ ಮಾನ ಉಳಿಸಲು ಬುಟ್ಟಿಯಲ್ಲಿ ನಿಜವಾದ ಬಿಷಪ್ ಹೊರಟ. ವಸಂತವಿಡೀ ಕೆಲಸವಿಲ್ಲದೆ ತಿಂದು ದಿಂಬಿನಂತಾಗಿದ್ದ.

ಕೊರಿನ್ ಟಿಲ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಮುಚ್ಚಿದ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ದೂರದಲ್ಲಿ ಬ್ಯಾಂಡು, ಧ್ವನಿವರ್ಧಕದ ಗದ್ದಲ. ಒಳಗೆ ಹುಲ್ಲಿನ ಸರಸರ. ಆಮೇಲೆ ಅದೂ ಇಲ್ಲ. ಸದ್ದಿಲ್ಲದ್ದಕ್ಕೂ ಅವಳಿಗೆ ಭಯವೇ. ಒಂದು ಸಲ ನೋಡಿಬಿಡಲೇ? ಕೈ ಬಾಗಿಲ ಹಿಡಿಕೆಯ ತನಕ ಹೋಯಿತು, ಹಿಂದಕ್ಕೆ ತಂದುಕೊಂಡಳು. ತನ್ನ ಹೆರಿಗೆಯ ದಿನ ನಿಮಿಷಕ್ಕೊಮ್ಮೆ ಇಣುಕಿ "ಆಯ್ತಾ?" ಎಂದವರ ಮುಖಗಳೆಲ್ಲ ನೆನಪಾದವು. ಟಿಲ್ಲಿ ನಿದ್ದೆ ಹೋಯಿತು. ಅವಳ ಕಾಲು ಜೋಮು ಹಿಡಿಯಿತು. ಹಾಗೇ ಕೂತಿದ್ದಾಗ ಬಾಗಿಲ ಆಚೆಯಿಂದ ಎಳೆಯ ಕೀಚಲು ದನಿಯೊಂದು ಬಂತು. ಕಿಟಕಿಯ ಗಾಜನ್ನು ಒದ್ದೆ ಬೆರಳಲ್ಲಿ ಉಜ್ಜಿದಂಥ ದನಿ. ಅದಕ್ಕೆ ಇನ್ನೊಂದು ಸೇರಿತು. ಇನ್ನೂ ಒಂದು. ಎಲ್ಲ ಒಟ್ಟಿಗೆ ಕೀಚಲಿಟ್ಟು, ಒಟ್ಟಿಗೆ ನಿಂತವು, ಒಂದೇ ಸಲಕ್ಕೆ ಬಾಯಿಗೆ ಹಾಲು ಸಿಕ್ಕಿದ ಹಾಗೆ. ಕೊರಿನ್ ಮಗುವಿನ ನೆತ್ತಿಗೆ ಕೆನ್ನೆಯಿಟ್ಟು ಅಳುತ್ತ ನಗುತ್ತ ಕೂತಳು.

ಮಧ್ಯಾಹ್ನ ಮುಂಬಾಗಿಲು ತೆರೆಯಿತು. ಸೆಪ್ ಒಬ್ಬನೇ ಇರಲಿಲ್ಲ, ಹಿಂದೆ ಮಾವಿಸ್, ಹಿಲ್ಟನ್ ತಾತ, ಮೂಲೆಮನೆಯವರು, ಅರ್ಧ ಗಲ್ಲಿ. ಮೈದಾನದ ಬಿಯರಿನ ಕೆಂಪು ಎಲ್ಲರ ಮುಖದಲ್ಲಿ. "ಸೋತ್ವಿ ಕಣಮ್ಮಾ!" ಎಂದು ಮಾವಿಸ್ ಶುರು ಮಾಡಿದಳು. "ಆ ಬಿಷಪ್ಪು ಕೊಳವೆಯ ಮಧ್ಯ ನಿದ್ದೆ ಹೊಡೆದ! ಪಕ್ಕದೂರಿನೋರು ಕಪ್ ತಗೊಂಡು ಊಟಕ್ಕೂ ಹೋದ್ರು, ಇವನಿನ್ನೂ—"

"ಶ್!" ಕೊರಿನ್‌ಳ ಬೆರಳು ತುಟಿಯ ಮೇಲಿತ್ತು, ಕಣ್ಣು ಕೆಂಡವಾಗಿತ್ತು. ಮಾವಿಸ್‌ಳ ಬಾಯಿ ಹೇಗಿತ್ತೋ ಹಾಗೇ ನಿಂತಿತು. "ಬೂಟು ಬಿಚ್ಚಿ. ಎಲ್ಲರೂ."

ಗಣಿಯಲ್ಲಿ, ಬಸ್ಸಿನಲ್ಲಿ, ಮೀನು ಕಾರ್ಖಾನೆಯಲ್ಲಿ ಗಟ್ಟಿ ದನಿಯಲ್ಲೇ ಬದುಕು ಕಳೆದ ಜನ ಹೊಸಿಲಲ್ಲಿ ಕೂತು ಲೇಸು ಬಿಚ್ಚಿದರು. ಯಾರದೋ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. ಒಬ್ಬರ ಹಿಂದೆ ಒಬ್ಬರು, ತುದಿಗಾಲಲ್ಲಿ, ಗೋಡೆ ಹಿಡಿದುಕೊಂಡು ಆ ಇಕ್ಕಟ್ಟು ಹಜಾರದಲ್ಲಿ ಸಾಲು ನಿಂತರು.

"ಮೊದಲು ಸೆಪ್," ಎಂದಳು ಕೊರಿನ್.

ಸೆಪ್ ಮೊಣಕಾಲೂರಿ, ಬಾಗಿಲಿನ ಹಲಗೆಗೆ ಕಿವಿಯಿಟ್ಟ. ಮೊದಲು ಅವನ ಹೊಟ್ಟೆ ನಡುಗಿತು, ಆಮೇಲೆ ಭುಜ. ನಗು ಹೊರಗೆ ಬಾರದಂತೆ ಟೋಪಿಯನ್ನು ಬಾಯಿಗೆ ತುರುಕಿಕೊಂಡ. ಕಣ್ಣಿನಿಂದ ಇಳಿದದ್ದನ್ನು ತಡೆಯಲು ಕೈಗೆ ಬೇರೆ ಏನೂ ಸಿಗಲಿಲ್ಲ.

"ಎಷ್ಟಿವೆಯೋ?" ಹಿಂದಿನಿಂದ ಹಿಲ್ಟನ್ ತಾತ ಪಿಸುಗುಟ್ಟಿದ.

"ಎಣಿಸೋಕೆ ಇನ್ನೂ ಮೂರು ದಿನ ಕಾಯಿರಿ," ಎಂದಳು ಕೊರಿನ್. "ಸೆಪ್, ಏಳಿ, ಸಾಲು ನಿಂತಿದೆ."